ಗಾಣದ ಕಲ್ಲಿನ ಲಂಗರು

ಗಡಹಿಂಗ್ಲಜ
೯ ಫೆಬ್ರವರಿ ೧೯೪೪

ಮಹಾಸಭೆಗೆ ವಂದನೆಗಳು.

ಮಾನ್ಯ ಅಧ್ಯಕ್ಷರೇ, ಅಧ್ಯಕ್ಷರಿಲ್ಲದಿದ್ದರೆ ಅವರ ಖುರ್ಚಿಯೇ, ಈ ಕಾಗದವನ್ನು ದಾರಿಯಲ್ಲಿ ಒಡೆದು ಓದಿ ಕಪ್ಪು ಮಸಿ ಬಳಿಯುವ ಸೈನ್ಯದ ಸಾಹೇಬರೇ, ಅಂಚೆಯ ಚೀಲದಲ್ಲಿ ಇದರ ಮಗ್ಗುಲಿಗೆ ಮಲಗಿ ಬರುತ್ತಿರುವ ಅನ್ಯರ ಕಾಗದಗಳೇ, ಸಭ್ಯರೇ ಮತ್ತು ಅಸಭ್ಯರೇ. ಧಾರವಾಡದ ಬಿ.ಎ., ಗಡಹಿಂಗ್ಲಜದ ಕನ್ನಡ ಮಾಸ್ತರ, ಕುಂಥುನಾಥನೆಂಬ ನಾನು ನಾಲ್ಕು ಮಾತಾಡಲು ಎದ್ದು ನಿಂತಿದ್ದೇನೆ.

ಹಿಂದಿನ ಸಾಲಿನಲ್ಲಿ ಖಾಕಿ ತೊಟ್ಟ ಒಬ್ಬ ಗೃಹಸ್ಥರು ಕೂತಿದ್ದಾರೆ. ಅವರನ್ನು ನಾನು ಕರೆದಿಲ್ಲ. ಅವರು ನನ್ನ ಬೆನ್ನಿಗೆ ಬಿದ್ದ ತಮ್ಮ ಎಂಬುದು ಸಭೆಗೆ ತಿಳಿದದ್ದೇ. ಮೂರು ವರ್ಷದ ಹಿಂದೆ ಕೊಲ್ಹಾಪುರಕ್ಕೆ ಹೋಗಿಬರುತ್ತೇನೆಂದು ಹೇಳಿ ಹೋದವರು ಖಡಕಿಯ ಪಲ್ಟಣ ಸೇರಿ, ಅಲ್ಲಿಂದ ಒಂದು ಕಾರ್ಡು ಹಾಕಿದರು. ಇರುವೆ ತುಳಿದರೆ ಒಪ್ಪತ್ತು ಮಾಡುವ ಮನೆಯಿಂದ ಬಂದೂಕಿನ ಮನೆಗೆ. ಆ ಕಾರ್ಡು ಬಂದ ದಿನ ನಾನು ಬಸದಿಯಲ್ಲಿ ನಿಂತು ನೇಮ ಹಿಡಿದೆ. ಆ ಬಟ್ಟೆ ಅವರ ಮೈಮೇಲಿರುವ ತನಕ ಅವರ ಹೆಸರು ನನ್ನ ಬಾಯಿಂದ ಬರುವುದಿಲ್ಲ, ಲೇಖಣಿಯಿಂದಲೂ ಬರುವುದಿಲ್ಲ. ಆದ್ದರಿಂದ ನಾನು ಸಭೆಗೆ ಬರೆಯುತ್ತೇನೆ. ಲಕೋಟೆಯ ಮೇಲಿನ ಹೆಸರನ್ನು ಅವರ ಹೆಂಡತಿ ರತ್ನಮಾಲಾ ಬರೆಯುತ್ತಾಳೆ. ಗಂಡನ ಹೆಸರು ಹೇಳಬಾರದವಳು ಬರೆಯುವುದು, ಹೇಳಬೇಕಾದವನು ಸುಮ್ಮನಿರುವುದು. ನಮ್ಮ ಮನೆ ಹೀಗೆ ನಡೆದಿದೆ.

ಊರಿನ ಸಮಾಚಾರ. ಹಿರಣ್ಯಕೇಶಿಗೆ ತೇಲುಸೇತುವೆ ಬಂದಿದೆ. ಬೆಲ್ಲದ ಅಡತಿ ಅಂಗಡಿಯ ಬಾಪೂಸಾಹೇಬರು ಸೇತುವೆ ಕಮಿಟಿಯ ಅಧ್ಯಕ್ಷರು. ನಾನು ಕಾರ್ಯದರ್ಶಿ, ಎಂದರೆ ಬೈಗುಳ ಕೇಳುವವನು. ದೋಣಿಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಹಲಗೆ ಹೊದಿಸಿ, ಈ ದಂಡೆಯ ಬೇವಿನ ಮರದಿಂದ ಆ ದಂಡೆಯ ಬೇವಿನ ಮರಕ್ಕೆ ಕೊಲ್ಹಾಪುರದಿಂದ ತಂದ ತಂತಿಹಗ್ಗವನ್ನು ಎಳೆದು, ಎಲ್ಲ ದೋಣಿಗಳನ್ನೂ ಅದಕ್ಕೇ ಗಿಡ್ಡ ಹಗ್ಗದಲ್ಲಿ ಬಿಗಿದಿದ್ದೇವೆ. ಬಾಪೂಸಾಹೇಬರು ಎರಡು ಜೋಡಿ ಎತ್ತು ಹೂಡಿಸಿ ತಂತಿ ಎಳೆಸಿದರು. ಬೆರಳಿನಿಂದ ಮೀಟಿದರೆ ತಂಬೂರಿಯ ನಾದ ಬರುತ್ತದೆ. ನಾವೆ ನಡೆಸುತ್ತಿದ್ದ ಸೊಟ್ಟಗಾಲಿನ ಮಲ್ಲಾರಿಯ ಮೇಲೆ ನಾನೊಂದು ಚೌಪದಿ ಕಟ್ಟಿ ಉದ್ಘಾಟನೆಯ ದಿನ ಓದಿದೆ:

ದೋಣಿಯ ಮೇಲೆ ದಾರಿ ಬಂತು,
ಮಲ್ಲಾರಿಯ ದಂಧೆ ನಿಂತು,
ಹುಟ್ಟು ಗೋಡೆಗಾತು ಕೂತು,
ಬೈಯುವುದೊಂದೇ ಉಳಿದ ಮಾತು.

ಜನ ನಕ್ಕರು. ಮಲ್ಲಾರಿ ನಗಲಿಲ್ಲ. "ಮಾಸ್ತರ್, ಹೊಳಿ ಇನ್ನಾ ನಕ್ಕಿಲ್ಲರಿ," ಅಂದ.

ಖಾಕಿ ಗೃಹಸ್ಥರಿಗೆ ಸಂಬಂಧಿಸಿದ್ದು ಇಷ್ಟೇ. ಅವ್ವನೂ ರತ್ನಮಾಲಾಳೂ ಆಚೆ ದಂಡೆಯ ತೋಟದ ಮನೆಯಲ್ಲೇ ಇದ್ದಾರೆ. ರತ್ನಮಾಲಾ ಊರಿನ ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಬರುತ್ತಾಳೆ, ದಿನಾ ಇದೇ ಸೇತುವೆ ದಾಟಿ. ಊರೊಳಗೆ ನನ್ನ ಮನೆಯಲ್ಲಿ ಇರು ಎಂದು ಹೇಳಿದ್ದೆ. "ಭಾವಾರ, ನಿಮ್ಮ ಮನ್ಯಾಗ ಅವರ ಹೆಸರ ತಗಿಯೂಹಂಗಿಲ್ಲ. ನಾ ಅಲ್ಲೇ ಚಲೋ ಅದೀನಿ," ಅಂದಳು. ಸಭೆ ಇದನ್ನು ಗಮನಿಸಬೇಕು.

ಕುಂಥುನಾಥ


ಫೀಲ್ಡ್ ಪೋಸ್ಟ್, ಪೂರ್ವದ ಕಡೆ
೭ ಮಾರ್ಚ್ ೧೯೪೪

ಅಣ್ಣಾ, ಜಯ ಜಿನೇಂದ್ರ.

ಸಭೆ ಗಿಭೆ ನನಗೆ ಗೊತ್ತಿಲ್ಲ. ನಾನು ನಿನಗೆ ಬರೆಯುತ್ತೇನೆ, ನೀನು ಓದು.

ಆ ತಂತಿ ಸಡಿಲಿಸು. ಈ ಕಾಗದ ಮಡಚಿಟ್ಟು ಮೊದಲು ಹೊಳೆಗೆ ಹೋಗು, ಆಮೇಲೆ ಮುಂದಿನ ಸಾಲು ಓದು. ತಂಬೂರಿಯ ನಾದ ಬರುತ್ತದೆಂದು ಹೆಮ್ಮೆಯಿಂದ ಬರೆದಿದ್ದೀ. ನಾದ ಬರುವ ತಂತಿ ಹರಿಯುವ ತಂತಿ. ಮೂರು ವರ್ಷದಿಂದ ನಾನು ಇದನ್ನೇ ಮಾಡುತ್ತಿದ್ದೇನೆ, ತೇಲುವ ಸೇತುವೆ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ನೀನು ಒಮ್ಮೆಯೂ ಕೇಳಲಿಲ್ಲ ನಾನು ಇಲ್ಲಿ ಏನು ಮಾಡುತ್ತೇನೆಂದು. ಬಂದೂಕು ಅಂತ ನೀನೇ ಬರೆದುಕೊಂಡೆ.

ಕೇಳು. ಬಿಗಿದ ತಂತಿಯ ಹತ್ತಿರ ಕೊಡಲು ಏನೂ ಉಳಿದಿರುವುದಿಲ್ಲ. ಗಾಳಿ ಒಮ್ಮೆ ದೂಡಿದರೆ ಅಷ್ಟೂ ಪೆಟ್ಟು ಒಂದೇ ಸಲ ಅದರ ಮೇಲೆ ಬೀಳುತ್ತದೆ. ಉದ್ದ ಬಿಟ್ಟ ತಂತಿ ಹಾಗಲ್ಲ. ತನ್ನ ಭಾರಕ್ಕೆ ತಾನೇ ನೀರೊಳಗೆ ಬಾಗಿ ಜೋತಿರುತ್ತದೆ. ದೋಣಿ ಸರಿಯಬೇಕಾದರೆ ಮೊದಲು ಆ ಜೋಲು ಮೇಲೇಳಬೇಕು, ಅದು ಏಳುವಷ್ಟರಲ್ಲಿ ಗಾಳಿಯ ಅರ್ಧ ಸಿಟ್ಟು ಕಳೆದಿರುತ್ತದೆ. ಗಾಳಿ ಇಳಿದ ಮೇಲೆ ತಂತಿಯ ಭಾರವೇ ದೋಣಿಯನ್ನು ಜಾಗಕ್ಕೆ ಎಳೆದು ತರುತ್ತದೆ. ಇನ್ನೊಂದು, ನೀರು ಏರಿದಾಗ ದೋಣಿಯೂ ಏರಬೇಕು. ಗಿಡ್ಡ ಹಗ್ಗದಲ್ಲಿ ಬಿಗಿದ ದೋಣಿ ಏರಲಾರದು, ಮೂಗು ಮುಳುಗಿಸಿ ನೀರು ಕುಡಿಯುತ್ತದೆ.

ಒಂದೇ ತಂತಿಗೆ ಎಲ್ಲ ದೋಣಿ ಕಟ್ಟುವುದು ಯಾರ ಬುದ್ಧಿ? ಪ್ರತಿ ದೋಣಿಗೂ ತನ್ನದೇ ತಂತಿ ಬೇಕು, ಹೊಳೆಯ ಮೇಲುಗಡೆ ದೂರದಲ್ಲಿ ತನ್ನದೇ ಲಂಗರು ಬೇಕು. ಕೆಳಗಡೆಗೂ ಬೇಕು. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ, ಬಿರುಗಾಳಿಗೆ ಆ ನೇಮ ಇಲ್ಲ.

ಇದರೊಳಗ ನೀತಿ ಹುಡುಕಬ್ಯಾಡ. ಮಾಸ್ತರ್‌ಗೋಳಿಗೆ ಆ ಚಟ ಇರತೈತಿ. ಹಗ್ಗ ಅಂದ್ರ ಹಗ್ಗ.

ನನ್ನ ಹೆಂಡತಿ ಅದರ ಮೇಲೆ ನಡೆಯುತ್ತಾಳೆ. ಅವಳು ನನಗೆ ಬರೆಯುವ ಕಾಗದದಲ್ಲಿ ಎಲ್ಲ ಚಲೋ ಐತಿ ಎಂದಿರುತ್ತದೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಜಿನಪಾಲ


ಗಡಹಿಂಗ್ಲಜ
೨ ಏಪ್ರಿಲ್ ೧೯೪೪

ಸಭಾಸದರೇ,

ಹಿಂದಿನ ಸಾಲಿನಿಂದ ಉಪನ್ಯಾಸ ಬಂದಿದೆ. ವೇದಿಕೆಯ ಮೇಲಿರುವವರು ಕೆಳಗಿಳಿದು ಕಿವಿಗೊಡಬೇಕಂತೆ. ಮನೆ ಬಿಡುವಾಗ ಅಣ್ಣನ ಮಾತು ಬೇಡವಾಗಿತ್ತು, ಈಗ ಅಣ್ಣನಿಗೆ ಅವರ ಮಾತು ಬೇಕಂತೆ. ಅವ್ವ ಒಂದು ವಾರ ಅನ್ನ ಬಿಟ್ಟಾಗ ಈ ಜಾಣತನ ಯಾವ ದಂಡೆಯಲ್ಲಿ ಕಟ್ಟಿಹಾಕಿತ್ತು ಎಂದು ಸಭೆ ಕೇಳಬೇಕು. ನಾನು ಕೇಳುವುದಿಲ್ಲ.

ಆದರೂ ಕಾರ್ಯದರ್ಶಿಯ ಧರ್ಮವೆಂದು ಕಾಗದದ ತಂತಿಯ ಭಾಗವನ್ನು ಕಮಿಟಿಯಲ್ಲಿ ಓದಿದೆ. "ಸಡಿಲ ಬಿಟ್ಟ ಹಗ್ಗಕ್ಕ ನಮ್ಮ ಎಮ್ಮಿನೂ ನಿಲ್ಲೂದಿಲ್ಲ, ಮಾಸ್ತರ್. ಹೊಳಿ ನಿಂದರತೈತೇನು?" ಎಂದು ಬಾಪೂಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಹೊರಗೆ ಕಟ್ಟೆಯ ಮೇಲೆ ಕೂತ ಮಲ್ಲಾರಿ, "ಬಿಗೀರಿ, ಸಾವ್ಕಾರ್ರ, ಇನ್ನಾ ಬಿಗೀರಿ. ನನ್ನ ನಾವಿಗೆ ಬಣ್ಣಾ ಹಚ್ಚಿ ಇಟ್ಟೀನಿ," ಅಂದ. ಕಮಿಟಿ ತಂತಿಯನ್ನು ಇನ್ನೂ ಒಂದು ಗೇಣು ಬಿಗಿಸುವ ಠರಾವು ಮಾಡಿತು. ಬರೆದುಕೊಂಡವನು ನಾನು.

ಸಭಾಸದರಲ್ಲಿ ಒಬ್ಬರು ಒಂದು ಪ್ರಶ್ನೆ ಎತ್ತಿದ್ದಾರೆ. ಅವರ ಹೆಸರು ಬೇಡ. ತಂತಿಯನ್ನು ಉದ್ದ ಬಿಡುವುದೆಂದರೆ ಎಷ್ಟು ಉದ್ದ? ಕಬ್ಬಿಣ ಎಲ್ಲ ಯುದ್ಧಕ್ಕೆ ಹೋಗಿರುವ ಈ ದಿನಗಳಲ್ಲಿ ಲಂಗರು ಎಲ್ಲಿಂದ ತರಬೇಕು? ಉತ್ತರ ಬಂದರೆ ಆ ಸಭಾಸದರಿಗೆ ತಲುಪಿಸುತ್ತೇನೆ. ನನಗೆ ಬೇಕಾಗಿಲ್ಲ.

ಕುಂಥುನಾಥ


ಫೀಲ್ಡ್ ಪೋಸ್ಟ್
೨೬ ಏಪ್ರಿಲ್ ೧೯೪೪

ಅಣ್ಣಾ,

ಆ ಸಭಾಸದರಿಗೆ ಹೇಳು, ನನ್ನ ಸಿಟ್ಟು ಅವರ ಮೇಲಲ್ಲ.

ಹೊಳೆ ತುಂಬಿದಾಗ ನೀರು ಎಷ್ಟು ಆಳವೋ ಅದರ ಆರೇಳು ಪಟ್ಟು ಉದ್ದ. ಗಿಡ್ಡ ತಂತಿ ಲಂಗರನ್ನು ಮೇಲಕ್ಕೆ ಎತ್ತುತ್ತದೆ, ಕಲ್ಲು ಎದ್ದು ಹೋಗುತ್ತದೆ. ಉದ್ದ ತಂತಿ ನೆಲಗುಂಟ ಎಳೆಯುತ್ತದೆ, ಕಲ್ಲು ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಲಂಗರಿಗೆ ಕಬ್ಬಿಣ ಬೇಡ. ಕಬ್ಬು ಅರೆಯುವ ಕಬ್ಬಿಣದ ಚರಕ ಬಂದ ಮೇಲೆ ನಮ್ಮ ತೋಟದ ಹಿಂದೆ, ಬಾಪೂಸಾಹೇಬರ ಹಿತ್ತಲಲ್ಲಿ, ಕಂಡಕಂಡಲ್ಲಿ ಹಳೆಯ ಗಾಣದ ಕಲ್ಲುಗಳು ಬಿದ್ದಿವೆ. ನಡುವೆ ತೂತು ಇದ್ದೇ ಇದೆ. ತಂತಿ ಪೋಣಿಸಿ ಹೊಳೆಗೆ ಇಳಿಸಿರಿ. ತುದಿಯ ದೋಣಿಗಳ ತಂತಿಗಳನ್ನು ಓರೆಯಾಗಿ, ಒಂದಕ್ಕೊಂದು ಅಡ್ಡ ಹಾಯುವಂತೆ ಬಿಡಿರಿ. ಇಲ್ಲದಿದ್ದರೆ ಗಾಳಿಗೆ ಸೇತುವೆ ಹಾವಿನಂತೆ ಹೊರಳುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯದ್ದು. ಮಹಾಪೂರದಲ್ಲಿ ತೇಲಿಬರುವ ಮರ, ಹುಲ್ಲು, ಕಬ್ಬಿನ ರವದಿಯ ಒಣಗರಿ ತಂತಿಗೆ ಸಿಕ್ಕಿಕೊಳ್ಳುತ್ತದೆ. ಹೊಳೆಯ ಬಲವೆಲ್ಲ ಆ ಕಸದ ಮೇಲೆ, ಕಸದ ಬಲವೆಲ್ಲ ತಂತಿಯ ಮೇಲೆ. ಒಳ್ಳೆಯ ಸೇತುವೆಗಳು ಗಾಳಿಗಲ್ಲ, ಕಸಕ್ಕೆ ಹೋಗುತ್ತವೆ. ಮಳೆಗಾಲದುದ್ದಕ್ಕೂ ಸೇತುವೆಯ ಮೇಲೆ ಇಬ್ಬರು ಆಳು, ಕೈಯಲ್ಲಿ ಕೊಡಲಿ. ಸಿಕ್ಕಿಕೊಂಡದ್ದನ್ನು ಆಗಿಂದಾಗ ಕಡಿಯಬೇಕು. ಠರಾವು ಮಾಡುತ್ತ ಕೂಡಬಾರದು.

ಜಿನಪಾಲ


ಗಡಹಿಂಗ್ಲಜ
೪ ಜೂನ್ ೧೯೪೪

ಸಭಾಸದರೇ,

ಖಾಕಿ ಗೃಹಸ್ಥರು ಮೀಸೆ ತಿರುವಿಕೊಳ್ಳಲಿ. ಅವರು ಹೇಳಿದಂತೆಯೇ ಆಯಿತು. ಹೇಳಿದಂತೆ ಆಗುವವರ ಮೇಲೆ ನನಗೆ ಮೊದಲಿನಿಂದ ಸಿಟ್ಟು.

ಕಳೆದ ವಾರ ಅಡ್ಡಮಳೆ. ಸಂಜೆ ಪಡುವಣದಿಂದ ಧೂಳೆದ್ದಿತು, ಹಿಂದೆಯೇ ಗಾಳಿ. ಸೇತುವೆಯ ಮೇಲೆ ಪುಣ್ಯಕ್ಕೆ ಯಾರೂ ಇರಲಿಲ್ಲ. ನಾವೆಲ್ಲ ದಂಡೆಯಲ್ಲಿ ನಿಂತು ನೋಡುತ್ತಿದ್ದೆವು. ಬಾಪೂಸಾಹೇಬರ ತಂಬೂರಿ ಮೊದಲು ಮಂದ್ರದಲ್ಲಿ ಶುರುಮಾಡಿ ತಾರಕ್ಕೆ ಹೋಯಿತು. ಆಮೇಲೆ ಒಂದು ಸದ್ದು. ಹರಿದ ತಂತಿ ಹಿಂದಕ್ಕೆ ಬಂದ ರಭಸ ವರ್ಣಿಸಲು ನನ್ನ ಬಿ.ಎ. ಸಾಲದು. ಬೇವಿನ ಮರದ ತೊಡೆಗಾತ್ರದ ಟೊಂಗೆಯನ್ನು ಸೌತೆಕಾಯಿ ಹೆಚ್ಚಿದಂತೆ ಹೆಚ್ಚಿ ಒಗೆಯಿತು. ಬಾಪೂಸಾಹೇಬರ ಪಗಡಿ ಗಾಳಿಗೆ ಹೋಯಿತೋ ತಂತಿಗೆ ಹೋಯಿತೋ ಇನ್ನೂ ನಿಶ್ಚಯವಾಗಿಲ್ಲ. ತಂತಿಗೆ ಎಂದರೆ ಅವರಿಗೆ ಪಿತ್ತ ಏರುತ್ತದೆ. ನಾನು ಕಟ್ಟಿದ್ದು:

ತಂತಿ ಹರಿಯಿತು, ಟೊಂಗೆ ಮುರಿಯಿತು,
ಪಗಡಿಗೆ ಹೊಳೆಯ ದಾರಿ ತಿಳಿಯಿತು.

ಊರೆಲ್ಲ ಎರಡು ದಿನ ನಕ್ಕಿತು. ಸೇತುವೆ ದಂಡೆಗುಂಟ ದಣಿದ ಎಮ್ಮೆಯಂತೆ ಮಲಗಿತ್ತು.

ಈಗ ಬೇರೆ ತಂತಿಗಳು ಬಂದಿವೆ, ಪ್ರತಿ ದೋಣಿಗೂ ಒಂದು. ಹದಿನೈದು ಗಾಣದ ಕಲ್ಲು ಹೊಳೆಗೆ ಇಳಿದಿವೆ. ಇಳಿಸಿದವನು ಮಲ್ಲಾರಿ, ಕೂಲಿಗೆ. "ನನ್ನ ಕುಣಿ ನಾನ ತೋಡಿಕೊಳ್ಳಾಕತ್ತೇನಿ ನೋಡ್ರಿ," ಎನ್ನುತ್ತಲೇ ಇಳಿಸಿದ. ಉಪಾಯ ತಮ್ಮದೇ ಎಂದು ಬಾಪೂಸಾಹೇಬರು ಊರಿಗೆ ಹೇಳಿದ್ದಾರೆ. ನಾನು ತಿದ್ದಲಿಲ್ಲ. ಯಾರ ಹೆಸರು ಹೇಳಿ ತಿದ್ದಲಿ?

ಕುಂಥುನಾಥ


ಫೀಲ್ಡ್ ಪೋಸ್ಟ್
೮ ಜುಲೈ ೧೯೪೪

ಅಣ್ಣಾ,

ತಂತಿ ಹರಿದದ್ದಕ್ಕೆ ನಗಬೇಡ. ಯಾರಿಗೂ ನಗಲು ಬಿಡಬೇಡ.

ಕೊಡಲಿಗೆ ಯಾರು ನಿಂತಿದ್ದಾರೆ? ನಿನ್ನ ಕಾಗದದಲ್ಲಿ ಆ ಮಾತೇ ಇಲ್ಲ. ಹೆಸರು ಬರೆ.

ಜಿ.


ಗಡಹಿಂಗ್ಲಜ
೨೯ ಜುಲೈ ೧೯೪೪

ಸಭಾಸದರೇ,

ಮೂರು ಸಾಲಿನ ಒಂದು ಚೀಟಿ ಬಂದಿದೆ. ನನ್ನ ಮುಂದೆ ಕೂತು ಮರಳಲ್ಲಿ ಬೆರಳಾಡಿಸಿ ಅಕ್ಷರ ಕಲಿತವರ ಬರವಣಿಗೆ ನನಗೆ ಗೊತ್ತಿಲ್ಲವೇ? ಅದು ಅವರ ಅಕ್ಷರವಲ್ಲ. ಬಡ್ತಿ ಸಿಕ್ಕಿರಬೇಕು, ಬರೆಯಲು ಆಳು ಇಟ್ಟಿರಬೇಕು. ಆಳಿಗೂ ಕನ್ನಡ ಅಷ್ಟಕ್ಕಷ್ಟೇ. ಇಲ್ಲವಾದರೆ ಪಲ್ಟಣದ ಗಡಂಗಿನಲ್ಲಿ ಕೂತು ಬರೆದದ್ದು. ಸಭೆಯ ವಿನೋದಕ್ಕೆ:

ಅಕ್ಷರ ಓರೆ, ಸಾಲೂ ಓರೆ,
ಬರೆದವ ಯಾರೋ, ಸಹಿಯೇ ಬೇರೆ.

ರತ್ನಮಾಲಾ ಆ ಚೀಟಿಯನ್ನು ನೋಡಿ ತುಂಬ ಹೊತ್ತು ಕೈಯಲ್ಲೇ ಹಿಡಿದಿದ್ದಳು. "ಭಾವಾರ, ಇದನ್ನ ಹಾಡ ಕಟ್ಟಬ್ಯಾಡ್ರಿ," ಅಂದಳು. ಅಷ್ಟರಲ್ಲಿ ಕಟ್ಟಿಯಾಗಿತ್ತು.

ಕೊಡಲಿಯ ವಿಷಯ. ಹುಕುಂ ಕೊಡುವುದು ಪೂರ್ವದ ಕಡೆಯಿಂದ ಸುಲಭ. ಮೊದಲ ಮಳೆಗೆ ತೇಲಿಬಂದ ಕಸವನ್ನು ನಾವು ನೋಡಿದೆವು. ಅದು ಕಸವಲ್ಲ, ಸಂಸಾರ. ಹುತ್ತ ಕೊಚ್ಚಿ ಹೋದ ಇರುವೆಗಳು ಮುಷ್ಟಿಗಾತ್ರದ ಉಂಡೆ ಕಟ್ಟಿಕೊಂಡು ಹುಲ್ಲಿನ ಮೇಲೆ ಕೂತಿರುತ್ತವೆ. ಚೇಳು, ಓತಿ, ಇಲಿ, ಹಾವು, ಎಲ್ಲ ಒಂದೇ ಟೊಂಗೆಯ ಮೇಲೆ, ಜಗಳವಿಲ್ಲದೆ. ಅದರ ಮೇಲೆ ಕೊಡಲಿ ಹಾಕಬೇಕಂತೆ. ಅದೂ ಮುಂದಿನ ತಿಂಗಳು ನಮ್ಮ ಹತ್ತು ದಿನದ ದಶಲಕ್ಷಣ ಪರ್ವ. ಕಮಿಟಿಯಲ್ಲಿ ನಮ್ಮವರು ಯಾರೂ ಕೈ ಎತ್ತಲಿಲ್ಲ. ಲಿಂಗಾಯತರ ಓಣಿಯವರು, "ಕಡಿಯೂ ಪಾಪ ನಮಗ, ದಾಟೂ ಪುಣ್ಯಾ ನಿಮಗ, ಇದು ಯಾವ ಪಾಲರಿ?" ಅಂದರು. ಮಲ್ಲಾರಿಯನ್ನು ಕೇಳಿದರೆ, "ಸೇತುವಿ ಹೋದ್ರ ನನಗ ಹಬ್ಬ. ನಾ ಯಾಕ ಕಡೀಲಿ?" ಅಂದ.

ಕಡೆಗೆ ಠರಾವು ಇದು. ಕೊಡಲಿ ಬೇಡ. ಉದ್ದ ಗಳ, ಬಿದಿರಿನ ಬುಟ್ಟಿ. ಜೀವಗಳನ್ನು ಬುಟ್ಟಿಗೆ ತೆಗೆದು ದಂಡೆಗೆ ಬಿಟ್ಟು, ಬರಿದಾದ ಕಸವನ್ನು ಗಳದಿಂದ ದೂಡುವುದು. ಇದನ್ನು ಸೂಚಿಸಿದವನು ನಾನೇ. ಕೊಲ್ಲುವ ಕಸುಬು ಹಿಡಿದವರಿಗೆ ಇದು ನಗೆಯಾಗಿ ಕಾಣಬಹುದು. ಕಾಣಲಿ.

ಕುಂಥುನಾಥ


೨೦ ಆಗಸ್ಟ್ ೧೯೪೪

ಅಣ್ಣಾ,

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿಯಿತು. ಓರೆ ಅಕ್ಷರಕ್ಕೆ ಸಭೆ ಕ್ಷಮಿಸಲಿ. ಇದು ಎಡಗೈ.

ಬಲಗೈ ಇಲ್ಲ. ಮಣಿಕಟ್ಟಿನಿಂದ ಮುಂದೆ ಇಲ್ಲ. ಮೇ ತಿಂಗಳ ಕೊನೆಯಲ್ಲಿ ಹೋಯಿತು. ಹೊಳೆ ಏರುತ್ತಿತ್ತು, ಒಂದು ತಂತಿಗೆ ಮರ ಸಿಕ್ಕಿಕೊಂಡಿತ್ತು. ಹುಕುಂ ಬರಲಿ ಎಂದು ಮೇಲಿನವರು ತಡ ಮಾಡಿದರು. ತಂತಿ ನಿನ್ನ ತಂಬೂರಿಯಂತೆ ಮಂದ್ರದಿಂದ ತಾರಕ್ಕೆ ಹೋಯಿತು. ನಾನೂ ಮಗ್ಗುಲಿನವನೂ ಕೊಡಲಿ ತೆಗೆದುಕೊಂಡು ಓಡಿದೆವು. ನಾವು ಮುಟ್ಟುವ ಮುಂಚೆ ಹರಿಯಿತು. ಮಗ್ಗುಲಿನವನು ಘಟ್ಟದ ಕಡೆಯ ಹುಡುಗ, ಕನ್ನಡ ಮಾತಾಡುತ್ತಿದ್ದ. ಅವನು ಉಳಿಯಲಿಲ್ಲ, ಅವನ ಊರಿಗೆ ಬೇರೆಯವರು ಕಾಗದ ಬರೆದರು. ಆಸ್ಪತ್ರೆಯಲ್ಲಿದ್ದಾಗ ನಿನ್ನ ಜೂನಿನ ಕಾಗದ ಬಂತು, ಸೌತೆಕಾಯಿ ಹೆಚ್ಚಿದಂತೆ ಎಂದು. ನರ್ಸು ಹಿಡಿದುಕೊಂಡಿದ್ದಳು, ನಾನು ಓದಿದೆ.

ನಿನಗೆ ಹೇಳಬಾರದೆಂದಿದ್ದೆ. ಅವ್ವನಿಗೆ, ರತ್ನಮಾಲಾಳಿಗೆ ಎದುರು ನಿಂತೇ ಹೇಳಬೇಕೆಂದಿದ್ದೆ. ಆದರೆ ನಿನ್ನ ಬುಟ್ಟಿಯ ಠರಾವು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ಮೂರು ವರ್ಷದಲ್ಲಿ ನಾನು ಒಬ್ಬನ ಮೇಲೂ ಗುಂಡು ಹಾರಿಸಿಲ್ಲ. ಸೇತುವೆ ಕಟ್ಟಿದೆ. ನೀನು ಒಮ್ಮೆಯೂ ಕೊಡಲಿ ಮುಟ್ಟಿಲ್ಲ, ಮುಟ್ಟದೆಯೇ ಕೊಲ್ಲಲು ಹೊಂಟೀ. ಇರವಿ ಬುಟ್ಟ್ಯಾಗ ಕುಂತು ದಂಡಿಗೆ ಹೋಗತಾವ, ನನ್ನ ಹೆಂಡ್ತಿ ಹೊಳಿಯಾಗ ಹೋಗತಾಳ. ನಿನ್ನ ನೇಮ ಒಂದೂ ಮುರಿಯೂದಿಲ್ಲ. ಅವಳಿಗೆ ಏನಾದರೂ ಆದರೆ ನಾನು ಆ ಊರಿಗೆ ಬರುವುದಿಲ್ಲ, ನಿನ್ನ ಮುಖ ನೋಡುವುದಿಲ್ಲ. ನಿನಗೆ ಹೆಸರು ಹೇಳುವ ತಾಪತ್ರಯ ಪೂರ್ತಿ ತಪ್ಪುತ್ತದೆ.

ಇದಕ್ಕೆ ಪ್ರಾಸ ಕಟ್ಟು.

ಜಿನಪಾಲ


ಗಡಹಿಂಗ್ಲಜ
೧೨ ಸೆಪ್ಟೆಂಬರ್ ೧೯೪೪

ಮಹಾಸಭೆಗೆ ವಂದನೆಗಳು.

ಮಾನ್ಯ ಅಧ್ಯಕ್ಷರೇ, ಇತ್ಯಾದಿ. ಆಗಸ್ಟ್ ಇಪ್ಪತ್ತರ ಕಾಗದ ಮೊನ್ನೆ ಬಂತು. ಸಭೆಯಲ್ಲಿ ಓದಲಿಲ್ಲ. ಕಾರ್ಯದರ್ಶಿಯ ಪ್ರಾಸ ಕೆಟ್ಟಿದೆ. ಆದರೆ ಅದು ಬರುವ ಮೊದಲೇ ಹೊಳೆ ಬಂದು ಹೋಗಿತ್ತು, ಆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಪರ್ವದ ಮೊದಲ ದಿನ. ಉತ್ತಮ ಕ್ಷಮೆಯ ದಿನ. ಎರಡು ದಿನದಿಂದ ಘಟ್ಟದ ಕಡೆ ಮಳೆ ಹಿಡಿದಿತ್ತು, ಬೆಳಿಗ್ಗೆ ಹೊಳೆ ಕೆಂಪಾಗಿ ಏರಿತು, ಮಗ್ಗುಲಿನಿಂದ ಗಾಳಿ. ಹಿಂದಿನ ಸಾಲಿನವರು ಕೇಳಲಿ: ಸೇತುವೆ ಏರಿತು. ನೀರಿನ ಜೊತೆ ದೋಣಿಗಳು ಸರಾಗ ಏರಿದವು. ಗಾಳಿ ದೂಡಿದರೆ ಸ್ವಲ್ಪ ಸರಿದು, ಮತ್ತೆ ತಮ್ಮಷ್ಟಕ್ಕೆ ಜಾಗಕ್ಕೆ ಬರುತ್ತಿದ್ದವು. ಅಡ್ಡ ಹಾಯ್ದ ತಂತಿಗಳು ಒಂದರ ಕೆಲಸ ಒಂದು ನೋಡಿಕೊಂಡವು. ತಂಬೂರಿಯಿಲ್ಲ, ಸದ್ದಿಲ್ಲ. ನಾವು 'ಬಂದೋಬಸ್ತ್' ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು.

ರತ್ನಮಾಲಾ ಬಸದಿಯ ಪೂಜೆಗೆಂದು ಆಚೆ ದಂಡೆಯಿಂದ ಹೊರಟಳು. ಅವಳು ನಡುಹೊಳೆಗೆ ಬಂದಾಗ ಮೇಲುಗಡೆಯಿಂದ ಒಂದು ಜಾಲಿಮರ ಬಂತು. ಬೇರುಸಹಿತ. ಅದರ ಕವಲು ನಡುವಿನ ಎರಡು ತಂತಿಗಳಿಗೆ ಕೊಕ್ಕೆ ಹಾಕಿತು. ಹಿಂದೆಯೇ ರವದಿ, ಹುಲ್ಲು, ಮುಳ್ಳಿನ ಬೇಲಿ. ಹೊಳೆಯ ಬಲವೆಲ್ಲ ಕಸದ ಮೇಲೆ, ಕಸದ ಬಲವೆಲ್ಲ ತಂತಿಯ ಮೇಲೆ. ಯಾರೋ ಹಾಗೆ ಬರೆದಿದ್ದರು. ಜೋಲು ಹೋಯಿತು. ತಂತಿಗಳು ನೀರಿನಿಂದ ಎದ್ದು ನೆಟ್ಟಗಾದವು. ನಡುವಿನ ದೋಣಿಗಳು ಮೂಗು ಮುಳುಗಿಸತೊಡಗಿದವು. ಹಲಗೆ ಜಾರಿ ಮುಂದೆ ಒಂದು ಕಂದಕ, ಹಿಂದೆ ಒಂದು ಕಂದಕ, ನಡುವೆ ಆಕೆ.

"ಬುಟ್ಟಿ ತರ್ರಿ, ಬುಟ್ಟಿ. ಮೊದಲ ಇರವಿ ತಗೀರಿ. ಇವತ್ತ ಕ್ಷಮಾದ ದಿನ," ಎಂದು ಬಾಪೂಸಾಹೇಬರು.

"ಇರವಿ ಎಣಸೂಮಟ ಹೊಳಿ ನಿಂದರತೈತೇನ್ರಿ, ಸಾವ್ಕಾರ್ರ?" ಎಂದು ಮಲ್ಲಾರಿ. ಅವನು ನಗುತ್ತಿರಲಿಲ್ಲ.

ಬುಟ್ಟಿ ಬಂತು. ಹಲಗೆ ಉಳಿದಷ್ಟು ದೂರ ಹೋಗಿ, ಗಳದ ತುದಿಗೆ ಕಟ್ಟಿ ಚಾಚಿದರು. ಮೊದಲ ಬುಟ್ಟಿಯಲ್ಲಿ ಒಂದು ಉಂಡೆ ಇರುವೆ ದಂಡೆಗೆ ಬಂದವು, ಬಾಪೂಸಾಹೇಬರ ಕಾಲು ಕಚ್ಚಿದವು. ಕಾರ್ಯದರ್ಶಿ ಕೈಯಲ್ಲಿ ಠರಾವಿನ ಕಾಗದ ಹಿಡಿದು ನಿಂತಿದ್ದ. ಆಗ ನಡುಹೊಳೆಯಿಂದ ಆಕೆ ಕೂಗಿದಳು, ಅಳುವ ದನಿಯಲ್ಲ, ಶಾಲೆಯಲ್ಲಿ ಹಿಂದಿನ ಬೆಂಚಿಗೆ ಕೂಗುವ ದನಿ: "ಭಾವಾರ, ನಿಮ್ಮ ಸಭಾ ಆಮ್ಯಾಲ ಕೂಡಸ್ರಿ."

ಆಗ ಮಲ್ಲಾರಿ ತನ್ನ ನಾವೆಯಿಂದ ಕೊಡಲಿ ತೆಗೆದ. ಧೋತರ ಕಟ್ಟಿ ಹಲಗೆಯ ಮೇಲೆ ಓಡಿದ, ಕಂದಕ ಹಾರಿದ, ದೋಣಿಯ ಮೂಗಿನ ಮೇಲೆ ಬೋರಲು ಬಿದ್ದು ಕವಲಿಗೆ ಕೈ ಹಾಕಿದ. ಎಲ್ಲಿ ಕಡಿಯಬೇಕೋ ಸರಿಯಾಗಿ ಅಲ್ಲಿ ಒಂದು ಕೇರೆಹಾವು ಸುತ್ತಿಕೊಂಡಿತ್ತು. ಅದರ ಮೈಮೇಲೆಲ್ಲ ಇರುವೆ. ಅದು ಹೋಗಲಿಲ್ಲ. ಹೋಗಲು ಅದಕ್ಕೆ ಜಾಗವಿರಲಿಲ್ಲ. ಕೊಡಲಿ ಬಿತ್ತು. ಮತ್ತೆ ಬಿತ್ತು. ಎಷ್ಟು ಸಲ ಎಂದು ಸಭೆ ಕೇಳಬಾರದು. ಕವಲು ಮುರಿದು ಮರ ಎರಡಾಗಿ, ದೋಣಿಗಳ ನಡುವೆ ಹಲಗೆಯ ಕೆಳಗೆ ನುಗ್ಗಿ ಹೋಯಿತು. ದೋಣಿಗಳು ಮೂಗೆತ್ತಿದವು. ತಂತಿಗಳು ಬಾಗಿ ನೀರಿಗೆ ಇಳಿದವು. ಗಾಣದ ಕಲ್ಲುಗಳು ಕದಲಿರಲಿಲ್ಲ. ರತ್ನಮಾಲಾ ತನ್ನ ಕಾಲಿನಿಂದ ನಡೆದು ದಂಡೆಗೆ ಬಂದಳು. ಸೇತುವೆ ಈ ಹೊತ್ತಿಗೂ ಇದೆ.

ಕಡಿದವನು ಮಲ್ಲಾರಿ ಎಂದು ದಂಡೆಯಲ್ಲಿ ಮೊದಲು ಹೇಳಿದವಳು ರತ್ನಮಾಲಾ. ಸುಳ್ಳಾಡದವಳು ಹೇಳಿದಳೆಂದು, ಕಣ್ಣಾರೆ ಕಂಡವರೂ ಹೌದೆಂದರು. ಪರ್ವ ಮುಗಿದ ಮೇಲೆ ಕಮಿಟಿ ಮಲ್ಲಾರಿಗೆ ಶಾಲು ಹೊದಿಸಿತು. "ಆಗಲಿ ಬಿಡ್ರಿ, ಪಾಪ ನನ್ನ ಹೆಸರಿಗೆ ಬರಕೊಳ್ರಿ. ಅಲ್ಲಿ ಮೊದಲ ಪಾಪದ ಗರ್ದಿ ಐತಿ," ಎಂದು ಅವನು ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಕಾರ್ಯದರ್ಶಿ ಅಭಿನಂದನ ಪತ್ರ ಓದಿದ, ಪ್ರಾಸವಿಲ್ಲದ್ದು. ಸಭೆ ಕೇಳಬಹುದು, ಪ್ರಾಸವೇಕೆ ಇಲ್ಲವೆಂದು. ಸಭೆ ಇದನ್ನೂ ಕೇಳಬಹುದು, ಒಂದು ಕಾಲು ಸೊಟ್ಟಗಿರುವ ಮಲ್ಲಾರಿ ಆ ಕಂದಕವನ್ನು ಹಾರಿದ್ದು ಹೇಗೆಂದು.

ಸಭೆ ಇಲ್ಲ. ಎಂದೂ ಇರಲಿಲ್ಲ.

ಜಿನಪಾಲಾ, ಮಲ್ಲಾರಿ ದಂಡಿ ಬಿಟ್ಟು ಕದಲಲಿಲ್ಲ. ಅಂವಾ ಕೊಡಲಿ ನನ್ನ ಕಡೆ ಚಾಚಿದ, ಅಷ್ಟ. ಹಾವು ನನ್ನ ಮಾರಿ ನೋಡಾಕತ್ತಿತ್ತು. ಎರಡೂ ಕೈಲೆ ಹೊಡದೆ.